ಉದ್ದಕ್ಕೆ ಸೀಳಿದ ದ್ರಾಕ್ಷಿ

ಗ್ಲೆನಿಸ್‌ಳ ಮೇಜಿನ ಮೇಲೆ ಮೂರು ಕಾಗದ.
ಅವಳ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಕಿಂಡಿ,
ತಟ್ಟೆ ದಾಟಿಸಲೆಂದು ಕೊರೆದದ್ದು;
ಮಾತೂ ದಾಟುತ್ತದೆ.

ನಾನು ಮಾರ್ಗೆಡ್, ಅಡುಗೆಯವಳು.
ವೇಲ್ಸಿನ ಈ ಕಡಲಂಚಿನ ಶಿಶುವಿಹಾರದಲ್ಲಿ
ಹನ್ನೊಂದು ವರ್ಷದಿಂದ ದ್ರಾಕ್ಷಿ ಸೀಳುತ್ತಿದ್ದೇನೆ,
ಉದ್ದಕ್ಕೆ, ಒಂದನ್ನು ನಾಲ್ಕಾಗಿ.
ಅಡ್ಡಕ್ಕೆ ಕೊಯ್ದರೆ ಅದು ಹಣ್ಣಲ್ಲ, ಬಿರಡೆ.

ಮಾರ್ಚ್ ಕಳೆದರೆ ಆರು ಜನರ ಸರ್ಟಿಫಿಕೇಟು
ಹಾಲಿನ ಪ್ಯಾಕೆಟ್ಟಿನ ಹಾಗೆ ತಾರೀಖು ಮೀರುತ್ತದೆ.
ತಪಾಸಣೆಯವರು ಕೋಟು ಕಳಚುವ ಮೊದಲೇ ಕೇಳುವುದು ಅದನ್ನು.
ದುಡ್ಡು?
ಛಾವಣಿ ಸೋರಿದ ವರ್ಷ ಇದು,
ಮಕ್ಕಳು ಮಲಗುವ ಕೋಣೆಯಲ್ಲಿ ನೀಲಿ ಬಕೆಟ್ಟು.

ಮೊದಲ ಕಾಗದ ತೀರಾ ಅಗ್ಗ.
ಮನೆಯಲ್ಲೇ ಕೂತು ಪರದೆ ನೋಡಬೇಕು, ನಾಲ್ಕು ಗಂಟೆ,
ಸರಿಯುತ್ತರದ ಮೇಲೆ ಬೆರಳೊತ್ತಿದರೆ
ಚಿನ್ನದಂಚಿನ ಪ್ರಮಾಣಪತ್ರ.
‘ನನ್ನ ಬೆಕ್ಕೂ ಪಾಸಾದೀತು’ ಎಂದಳು ನೆರಿಸ್.
ಯಾರೂ ನಗಲಿಲ್ಲ. ಬೆಲೆ ಹಾಗಿತ್ತು.

ಎರಡನೆಯದು ಕಾರ್ಡಿಫ್‌ನ ದೊಡ್ಡ ಕಂಪನಿ.
ನುಣುಪು ಕಾಗದದ ತುಂಬ ನಗುವ ಮಕ್ಕಳು,
ಒಂದರದೂ ಮೂಗು ಸೋರುತ್ತಿಲ್ಲ.
ಗ್ಲೆನಿಸ್ ಫೋನಿನಲ್ಲಿ ಕೇಳಿದಳು:
ಗೊಂಬೆ ಎಷ್ಟು ತರುತ್ತೀರಿ, ಜನಕ್ಕೊಂದಾ?
ಆ ಕಡೆಯ ಹುಡುಗ ಸ್ವಲ್ಪ ಹೊತ್ತು ಸಂಗೀತ ಕೇಳಿಸಿದ.
ಹದಿನಾರು ಜನಕ್ಕೆ ಎರಡು, ಎಂದ ಆಮೇಲೆ,
ಉಳಿದವರು ನೋಡಿ ಕಲಿಯಬಹುದು.

ನೋಡಿ ಕಲಿತದ್ದು ಏನೆಂದು ನನಗೆ ಗೊತ್ತು.
ಒಂದು ಗುರುವಾರ, ಸೇಬಿನ ಚೂರು, ಮಾಕ್ಸನ್.
ಕೆಮ್ಮಲಿಲ್ಲ, ಅಳಲಿಲ್ಲ,
ಅಷ್ಟು ಸದ್ದಿಲ್ಲದೆ ಮಗುವೊಂದು ಇರಬಲ್ಲದೆಂದು
ಅವತ್ತಿನವರೆಗೆ ನನಗೆ ತಿಳಿದಿರಲಿಲ್ಲ.
ನೆರಿಸ್ ಓಡಿ ಬಂದು ಬಗ್ಗಿಸಿ ಬೆನ್ನಿಗೆ ಹೊಡೆದಳು,
ಮೂರನೆಯ ಏಟಿಗೆ ಸೇಬು ನೆಲದ ಮೇಲೆ.
ಅವನ ಕುರ್ಚಿಯ ಹತ್ತಿರ ಇದ್ದವಳು ನಾನು.
ಎಲ್ಲವನ್ನೂ ನೋಡಿದೆ.
ಕೈಯಲ್ಲಿ ಸೌಟು ಹಾಗೇ ಇತ್ತು.

ಮೂರನೆಯದು ಕಾಗದವೂ ಅಲ್ಲ, ಲಕೋಟೆಯ ಬೆನ್ನು.
ಎಲ್ವಿನ್ ಪ್ರೋಬರ್ಟ್, ಆಂಬುಲೆನ್ಸಿನಲ್ಲಿ ಇಪ್ಪತ್ತೆಂಟು ವರ್ಷ.
ಬೆಲೆ ಬರೆದು ಕಳಿಸಿದವನು ತಾನೇ ಬಂದ,
ಸೂಟ್‌ಕೇಸಿನ ತುಂಬ ಟವೆಲ್ಲು ಸುತ್ತಿದ ಗೊಂಬೆಗಳು;
ಒರೆಸಿ ಒರೆಸಿ ಒಂದಕ್ಕೆ ಹುಬ್ಬೇ ಇಲ್ಲ.
ತನ್ನ ಬಗ್ಗೆ ಏನೂ ಹೇಳಲಿಲ್ಲ, ಬರೀ ಕೇಳಿದ:
ಬೆಳಿಗ್ಗೆ ಏಳೂವರೆಗೆ ಬೀಗ ತೆಗೆಯುವವರು ಯಾರು, ಒಬ್ಬರೇನಾ?
ಬುಧವಾರ ಇಬ್ಬರು ರಜೆ ಹಾಕಿದರೆ?
ಊಟದ ಹೊತ್ತಿಗೆ ಮಕ್ಕಳ ಬಾಯಿಗೆ ಹತ್ತಿರ ಇರುವವರು?

ಗ್ಲೆನಿಸ್ ಕಿಂಡಿಯ ಕಡೆ ತಿರುಗಿದಳು.

ಪಟ್ಟಿಯಲ್ಲಿ ಆರು ಹೆಸರು, ನನ್ನದಿಲ್ಲ.
ಏಪ್ರನ್ನಿಗೆ ಸರ್ಟಿಫಿಕೇಟು ಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.
‘ಅವರನ್ನೂ ಸೇರಿಸಿ,’ ಎಂದ, ‘ಗೊಂಬೆ ಇನ್ನೊಂದಿದೆ.’

ಅಷ್ಟಕ್ಕೇ ಮರುಳಾಗುವವಳಲ್ಲ ಗ್ಲೆನಿಸ್.
ಅವನ ಪತ್ರಗಳನ್ನು ಕನ್ನಡಕ ಹಾಕಿಕೊಂಡೂ ತೆಗೆದೂ ಓದಿದಳು,
ಮಾನ್ಯತೆ ಕೊಟ್ಟವರಿಗೇ ಫೋನು ಮಾಡಿದಳು,
ಕಳೆದ ವರ್ಷ ಅವನನ್ನು ಕರೆಸಿದ ಶಿಶುವಿಹಾರಕ್ಕೂ.
ಆಮೇಲೆ ಬಕೆಟ್ಟು ನೋಡಿ ಹೇಳಿದಳು,
ಇದು ಇನ್ನೊಂದು ವರ್ಷ ಇಲ್ಲೇ ಇರಲಿ.

ಎರಡು ಶನಿವಾರ, ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿ.
ಹುಬ್ಬಿಲ್ಲದ ಗೊಂಬೆ ನನ್ನ ಪಾಲಿಗೆ ಬಂತು.
ಮುಂಗೈ ಮೇಲೆ ಬೋರಲು, ತಲೆ ಕೆಳಗೆ,
ದವಡೆಗೆ ನನ್ನ ಬೆರಳ ಆಸರೆ.
ಹೊಡೆದೆ.
‘ಹಿಟ್ಟು ನಾದುವ ಕೈ ನಿಮ್ಮದು,’ ಎಂದ ಎಲ್ವಿನ್,
‘ಇಲ್ಲಿ ನಾದಬೇಡಿ.’
ಮತ್ತೆ ಹೊಡೆದೆ. ಮತ್ತೆ.
ಗುರುವಾರದ್ದನ್ನು ಯಾರಿಗೂ ಹೇಳಲಿಲ್ಲ,
ಆದರೆ ಐದು ಏಟು ಅಂದರೆ ನಾನು ಹತ್ತು ಹೊಡೆದದ್ದನ್ನು
ಅವನು ಎಣಿಸಿಯೂ ಸುಮ್ಮನಿದ್ದ.

ಸೋಮವಾರ ಮತ್ತೆ ದ್ರಾಕ್ಷಿ.
ಉದ್ದಕ್ಕೆ, ಒಂದನ್ನು ನಾಲ್ಕಾಗಿ.
ಭುಜ ಇನ್ನೂ ನೋಯುತ್ತಿದೆ.
ಸೌಟನ್ನು ಗೋಡೆಯ ಮೊಳೆಗೆ ನೇತುಹಾಕಿ
ತಟ್ಟೆಗಳ ಜೊತೆ ನಾನೂ ಆಚೆಗೆ ಹೋದೆ,
ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು.