ತಕಾರದ ಒತ್ತು

ಪತ್ರಿಕೆಗೆ ಹೆಸರು 'ಒತ್ತು' ಅಂದರು ಪಿಳ್ಳಾಂಜಿನಪ್ಪ,
ಚೇಳೂರು ರಸ್ತೆಯ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು,
ನಾಗಸ್ವರದ ಚೀಲ ತೊಡೆಯ ಮೇಲಿಟ್ಟುಕೊಂಡು.
ಚಿಂತಾಮಣಿ ಸುತ್ತಿನ ಓಲಗದವರ ಸಂಘದ್ದು,
ಮೂರು ತಿಂಗಳಿಗೊಂದು ಸಂಚಿಕೆ, ಮೂವತ್ತೆರಡು ಪುಟ.
'ತಲೆಬರಹ ನೀನು ಬರಿ. ನೋಡಿದರೆ ಸಂಗೀತ ಅನ್ನಿಸಬೇಕು.
ದುಡ್ಡು ಆಮೇಲೆ.'

ಬರೆದೆ.
ಒಕಾರದ ಹೊಟ್ಟೆಯೊಳಗೆ ಒಂದು ವೀಣೆ ಕೂರಿಸಿದೆ.
ತುವಿನ ಕೊಂಬನ್ನು ಎಳೆದು ಊದುವ ಕೊಂಬು ಮಾಡಿದೆ:
ನಕ್ಕರು, ಹಿಡಿಸಿತು; ಮಾರನೆಯ ದಿನ ಹಿಡಿಸಲಿಲ್ಲ.
ಇಂಗ್ಲಿಷ್ ಬ್ಯಾಂಡಿನವರ ಆ ಸುರುಳಿ ಗುರುತು ಹಾಕಿದೆ.
'ಇದೇನು, ಜಿಲೇಬಿನಾ?'
ಕಮಲ, ಗೆಜ್ಜೆ, ನವಿಲುಗರಿ.
ಹನ್ನೊಂದು ನಮೂನೆ, ಹನ್ನೊಂದೂ
ಯಾರದೋ ಮದುವೆಯ ಕರೆಯೋಲೆ.

ತೊಡಕು ಬೇರೆಯೇ ಇತ್ತು.
ಪಕಾರದ ಒತ್ತಿಗೆ ಪಕಾರದ್ದೇ ಮುಖ,
ತಲೆಕಟ್ಟು ಮಾತ್ರ ಇಲ್ಲ.
ತಕಾರದ್ದಕ್ಕೆ ಮೇಲಿನವನ ಹೋಲಿಕೆಯೂ ಇಲ್ಲ;
ಸಾಲಿನ ಕೆಳಗೆ ಬಾಗಿ ಕೂತ ಯಾರೋ.
ಇಳಿಬಿಟ್ಟರೆ
ಸಂಪುಟ, ಸಂಚಿಕೆ, ಬೆಲೆ ಬರೆಯುವ ಪಟ್ಟಿಗೆ ಕಾಲು ತಗಲುತ್ತದೆ.
'ಚಿಕ್ಕದು ಮಾಡು' ಅಂದರು,
'ಓದೋವರು ಹೆಂಗೂ ಓದ್ಕೋತಾರೆ.'

ಚಿಕ್ಕದು ಮಾಡುವುದು ನನಗೆ ಗೊತ್ತು.
ಆರು ವರ್ಷದ ಹಿಂದೆ ಇದೇ ಮೇಳದ ಫ್ಲೆಕ್ಸಿಗೆ ಫೋಟೋ ಕೊಟ್ಟಿದ್ದರು:
ನಡುವೆ ಪಿಳ್ಳಾಂಜಿನಪ್ಪ, ಬಲಕ್ಕೆ ಡೋಲಿನವನು,
ಎಡಕ್ಕೆ, ಅರ್ಧ ಕಂಬದ ಮರೆಯಲ್ಲಿ,
ಕೆನ್ನೆ ಉಬ್ಬಿದ ಒಬ್ಬ.
ಫೋನ್ ನಂಬರಿಗೆ ಜಾಗ ಸಾಲಲಿಲ್ಲ.
ತೆಗೆದೆ. ಎರಡು ಸಲ ಮೌಸ್ ಒತ್ತಿದ್ದಷ್ಟೇ.
ಯಾರೂ ಕೇಳಲಿಲ್ಲ.

ಅವನೇ ಮೊನ್ನೆ ಚಂದಾ ಕಟ್ಟಲು ಬಂದ. ಗಂಗುಲಪ್ಪ.
ಮೂವತ್ತನಾಲ್ಕು ವರ್ಷ ಒತ್ತು ಹಿಡಿದವನು:
ತೂತಿಗೆ ಮೇಣ ಮೆತ್ತಿದ ಕೊಳವೆ, ಒಂದೇ ಸ್ವರ,
ಧಾರೆಗೆ ಮೊದಲು ಹಿಡಿದರೆ ಕೊನೆಯ ಪಂಕ್ತಿ ಏಳುವ ತನಕ.
ಪಕ್ಕದಲ್ಲಿ ರಾಗಗಳು ಬರುತ್ತವೆ, ಹೋಗುತ್ತವೆ.
'ಬೇಜಾರಾಗಲ್ವಾ?' ಅಂದೆ.
'ಊಪಿರಿ ಉಂಟೇ ಚಾಲು ಸಾಮಿ' ಅಂದ. ಆಮೇಲೆ ಕನ್ನಡದಲ್ಲಿ,
'ಒಂದ್ಸಲ ಕೆಮ್ಮು ಬಂತು.
ಮದ್ವೆ ಮನೆಯೆಲ್ಲ ತಿರುಗಿ ನನ್ನೇ ನೋಡ್ತು.'

ರಸೀದಿಯ ಹಿಂಬದಿ ಕೊಟ್ಟು ಬರೀರಿ ಅಂದೆ, ಪತ್ರಿಕೆ ಹೆಸರು.
ಎರಡನೇ ಕ್ಲಾಸಿಗೆ ನಿಂತ ಕೈ. ಬರೆದ:
ಒತು.
ನೋಡಿದ. ಏನೋ ಕಮ್ಮಿ.
ಮೂಗಿನಲ್ಲಿ ಉಸಿರೆಳೆದುಕೊಂಡು, ಕೆನ್ನೆ ತುಂಬಿಕೊಂಡು,
ಕೆಳಗೆ ಅದನ್ನು ಹಾಕಿದ.
ಎಷ್ಟು ಒತ್ತಿ ಅಂದರೆ
ಪೆನ್ನಿನ ಮೊನೆ ಕಾಗದ ಹರಿದು
ಮೇಜಿನ ಗಾಜಿಗೆ ತಾಗಿ ಕಿರ್ರೆಂದಿತು.
ಮೇಲಿನ ಅಕ್ಷರಕ್ಕಿಂತ ದೊಡ್ಡದು.

ವೀಣೆ ತೆಗೆದೆ. ಕೊಂಬು, ಕಮಲ ತೆಗೆದೆ.
ಅದೊಂದನ್ನೇ ಸ್ಕ್ಯಾನ್ ಮಾಡಿದೆ, ಹರಿದ ಅಂಚು ಸಮೇತ.
ನೇರ ಮಾಡಲು ಕೈ ಹೋಯಿತು,
ಅಭ್ಯಾಸ,
ಹಿಂದಕ್ಕೆ ತಂದುಕೊಂಡೆ.

ಪ್ರೂಫ್ ನೋಡಿ ಪಿಳ್ಳಾಂಜಿನಪ್ಪನವರ ಫೋನು:
'ಏನಪ್ಪಾ ಇದು, ಬೆಲೆ ಇಪ್ಪತ್ತರ ಸೊನ್ನೆ ಮೇಲೆ
ಒತ್ತು ಬಂದು ಕೂತಿದೆ! ಎರಡು ರೂಪಾಯಿ ಅಂತ ಓದುತ್ತೆ.
ಕುಯ್ದು ಹಾಕು ಅದನ್ನ.'
ನಾನು ಸುಮ್ಮನಿದ್ದೆ. ಅವರೂ.
ಟೊಮೆಟೊ ಲಾರಿಯೊಂದು ಅಂಗಡಿ ಮುಂದೆ
ಹಾರನ್ ಹಿಡಿದುಕೊಂಡೇ ಮಂಡಿಯ ಕಡೆ ಹೋಯಿತು.
ಆಮೇಲೆ, ತಗ್ಗಿದ ದನಿಯಲ್ಲಿ: 'ಯಾರ ಕೈ ಇದು?'
ಗಂಗುಲಪ್ಪನವರದು, ಅಂದೆ.

ಬೆಲೆಯನ್ನು ಹಿಂಬದಿಗೆ ಕಳಿಸಿದೆವು,
ಬಾರ್ ಸೋಪಿನ ಜಾಹೀರಾತಿನ ಕೆಳಗೆ.