ಕೆಂಪು ಗೀಟು

ಮಗಳಿಗೆ ಜ್ವರ ನೂರೆರಡು.
ಇನ್ನೊಮ್ಮೆ ನೋಡೋಣವೆಂದು ಕೊಡವಿದೆ, ಜಾರಿತು.
ಕತ್ರಿಗುಪ್ಪೆಯ ಈ ಬಾಡಿಗೆ ಮನೆಯ ಮೊಸಾಯಿಕ್ ನೆಲದ ಮೇಲೆ
ಥರ್ಮಾಮೀಟರು ಚಿಟಕ್ಕೆಂದಿತು.

ಪಾದರಸದಂಥ ಹುಡುಗಿ ಅನ್ನುತ್ತಿದ್ದರು ನಮ್ಮ ಲೆಕ್ಕದ ಮೇಷ್ಟ್ರು.
ಆಗ ಅದು ಹೊಗಳಿಕೆ.
ಈಗ ಪಾದರಸ ಮಂಚದ ಕೆಳಗೆ ಹೋಗಿ ಕೂತಿದೆ.
ಕರೆದರೆ ಬಾರದು, ಒತ್ತಿದರೆ ಎರಡು,
ಎರಡನ್ನು ಗದರಿದರೆ ಏಳು.

ಮಗಳನ್ನು ಹೊದಿಕೆ ಸಮೇತ ಹೊರಗೆ ಮೆಟ್ಟಿಲ ಮೇಲೆ ಕೂರಿಸಿ,
ಕಿಟಕಿ ತೆರೆದು, ಕಸಬರಿಕೆ ಮುಟ್ಟದೆ,
ಯಾರದೋ ಲಗ್ನಪತ್ರಿಕೆಯ ದಪ್ಪ ರಟ್ಟಿನಿಂದ
ಒಂದೊಂದೇ ಗುಂಡು ತಳ್ಳಿ
ಉಪ್ಪಿನಕಾಯಿ ಬಾಟಲಿಗಿಳಿಸಿದೆ.
ಮೇಲೆ ನೀರು. ಬಿಗಿ ಮುಚ್ಚಳ.
ಮುಗಿಯಿತು ಅಂದುಕೊಂಡೆ.

ವಾರ್ಡ್ ಆಫೀಸು: ಒಣ ಕಸದವರಿಗೆ ಕೊಡಿ.
ಒಣ ಕಸದವನು: ಇದರಲ್ಲಿ ನೀರಿದೆಯಲ್ಲ ಮೇಡಂ.
ನರ್ಸಿಂಗ್ ಹೋಮಿನ ಕೌಂಟರು: ನಮ್ಮದೇ ನಮಗೆ ಸಾಕಾಗಿದೆ.

ಮೂರು ತಿಂಗಳಿಂದ ಬಾಟಲಿ ಬಚ್ಚಲ ಗೂಡಿನಲ್ಲಿದೆ,
ಸತ್ತ ಸೆಲ್ಲು, ಅರ್ಧ ಡಬ್ಬ ಟರ್ಪೆಂಟೈನು, ಜಿರಲೆ ಔಷಧಿ,
ಮಾವನವರ ಇನ್ಸುಲಿನ್ ಸೂಜಿಗಳ ಜೊತೆ,
ಯಾವ ಬಸ್ಸೂ ನಿಲ್ಲಿಸದ ಸ್ಟಾಪಿನಲ್ಲಿ
ಕಾಯುವವರ ಹಾಗೆ.

ಒಂದು ಬೆಳಿಗ್ಗೆ, ನಿಜ ಹೇಳುತ್ತೇನೆ, ಬೇಸತ್ತು
ಸೂಜಿಗಳನ್ನು ಹೂಕೋಸಿನ ಎಲೆಗಳ ನಡುವೆ ತುರುಕಿ
ಹಸಿ ಕಸಕ್ಕೆ ಹಾಕಿದ್ದೆ.
ಸೀಟಿ ಕೇಳಿಸಿತು.
ಪೆಂಚಲಮ್ಮ ಬುಟ್ಟಿ ಮಗುಚಿ
ಬರಿಗೈಯಲ್ಲಿ ಕೆದಕಲು ಬಗ್ಗಿದಳು.

ತಡಿ ಅಂದೆ.
ಕಿರುಚಿದೆ ಅನ್ನಬೇಕು.

ಅವಳು ಎಲೆ ಸರಿಸಿ ನೋಡಿದಳು. ನನ್ನನ್ನೂ ನೋಡಿದಳು.
ಎಡಗೈ ಹೆಬ್ಬೆರಳು ಚಾಚಿದಳು:
"ಇದಕ್ಕೆ ಬಿಸಿ ತಣ್ಣಗೆ ಏನೂ ಗೊತ್ತಾಗಲ್ಲಕ್ಕ.
ಹೊಸಕೆರೆಹಳ್ಳೀಲಿ, ಕರಿಬೇವಿನ ಕಡ್ಡಿ ಜೊತೆ ಬಲ್ಬಿನ ಚೂರು.
ಮೂರು ಹೊಲಿಗೆ. ಯಾವ ಮನೇದೂಂತ ಹೇಳಲಿ?"

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಂಗೆ ಅಕ್ಷರ ಬರಲ್ಲ. ಬೇರೆ ಕಟ್ಟಿ, ಮೇಲೆ ಕೆಂಪು ಗೀಟು ಎಳೀರಿ.
ಕೊನೇ ಶನಿವಾರ ಬೇರೆ ಗಾಡಿ ಬರುತ್ತೆ, ನಾನೇ ಹತ್ತಿಸ್ತೀನಿ."

ಮನೆಯಲ್ಲಿ ಕೆಂಪು ಪೆನ್ನಿರಲಿಲ್ಲ.
ಮಗಳ ಉಗುರುಬಣ್ಣದಲ್ಲಿ
ಸೂಜಿಯ ಡಬ್ಬಕ್ಕೊಂದು, ಸೆಲ್ಲಿಗೊಂದು, ಬಾಟಲಿಗೆ ಎರಡು ಗೀಟು.
ಉಗುರುಬಣ್ಣವೂ ಇದೇ ಪಂಕ್ತಿಯದೆಂದು ಆಮೇಲೆ ಓದಿದೆ;
ತಳದ ಕೊನೆಯ ಹನಿ ಬಳಿದು
ಅದರ ಸೀಸೆಗೂ ಒಂದೆಳೆದೆ.

ಶನಿವಾರಕ್ಕೆ ಇನ್ನೂ ಒಂಬತ್ತು ದಿನ.
ನೀರಿನಡಿ ಪಾದರಸ ಈಗ ಒಂದೇ ಗುಂಡು,
ಕೈಕಟ್ಟಿ ಕೂತ ಜಾಣ ಹುಡುಗಿ.
ನನಗೆ ನಂಬಿಕೆಯಿಲ್ಲ.