ಒತ್ತು

ಗೋಣಿಕೊಪ್ಪದ ಬೈಪಾಸಿನಲ್ಲಿ ಏಣಿ ಮೇಲೆ
ಬೆಳಗಿನಿಂದ ನಿಂತಿದ್ದೆ.
'ಚಿಟ್ಟಿಯಪ್ಪ ಅಕ್ಕಿ ಗಿರಣಿ'.
ಇಪ್ಪತ್ತು ವರ್ಷದಿಂದ ಇವೇ ಅಕ್ಷರ,
ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಿದ ಶಾಲೆ ಮಕ್ಕಳ ಹಾಗೆ.
ಡಬ್ಬಿಯಲ್ಲೇ ಬಣ್ಣ ಕೆನೆಗಟ್ಟುತ್ತಿತ್ತು.

ಎದುರಿನ ಪಂಚರ್ ಅಂಗಡಿ ಬೆಂಚಲ್ಲಿ
ಮೇದರ ಕುಟ್ಟಣ್ಣ ದುಡಿಗೆ ಹೊಸ ಚರ್ಮ ಬಿಗಿದು
ತಟ್ಟಿ ನೋಡುತ್ತಿದ್ದ. ಹಾಡಿಲ್ಲ, ಕುಣಿತವಿಲ್ಲ.
ಕೋಲಿನ ಪೆಟ್ಟು, ಎಡಗೈಯಲ್ಲಿ ಹಗ್ಗಕ್ಕೊಂದು ಒತ್ತು.
ಒತ್ತಿದರೆ ದನಿ ಮೇಲಕ್ಕೆ ಚಿಮ್ಮುವುದು,
ಬಿಟ್ಟರೆ ಬಾವಿಗಿಳಿದ ಕೊಡದಂತೆ ಗುಬುಕ್.

ಒತ್ತು. ಬಿಡು.
ಮುಂಗೈ ನನ್ನನ್ನು ಕೇಳಲೇ ಇಲ್ಲ.
'ಟ್ಟಿ'ಯ ಒತ್ತು ಮೊದಲು ಇಳಿಯಿತು,
ಬೆಳಿಗ್ಗೆ ಹೊಡೆದ ಸುಣ್ಣದ ಗೆರೆ ದಾಟಿ.
'ಪ್ಪ'ದ ಒತ್ತು ಅದರ ಹಿಂದೆ, ಮಂಡಿ ಬಗ್ಗಿಸಿ.
'ಕ್ಕಿ'ಯ ಗುಡಿಸು ಹಾರಿ
ಮಂಡೆತುಣಿಯ ಚುಂಗಾಯಿತು.

ನಡುವೆ ಕುಟ್ಟಣ್ಣ ಒಂದು ಪೆಟ್ಟು ತಪ್ಪಿದ.
ಗಿರಣಿಯ 'ಣಿ' ಅಲ್ಲೇ ವಾಲಿದೆ. ಹಾಗೇ ಬಿಟ್ಟೆ.

ಸಂಜೆ ಯಜಮಾನರು ಕತ್ತೆತ್ತಿ ನೋಡಿದರು:
"ಏನಯ್ಯಾ, ಅಕ್ಷರಗಳೆಲ್ಲ ಕುಡಿದ ಹಾಗಿವೆ?"
ಐವತ್ತು ರೂಪಾಯಿ ಹಿಡಿದುಕೊಂಡರು.
ಅವರ ಮೊಮ್ಮಗಳು ಮಾತ್ರ ಬೋರ್ಡಿನ ಕೆಳಗೆ
ಒಂದು ಕಾಲೆತ್ತಿ 'ಪ್ಪ' ಆಗಿ ನಿಂತಿದ್ದಳು.

ಕುಟ್ಟಣ್ಣ ದುಡಿಯನ್ನು ಚೀಲಕ್ಕೆ ತುಂಬಿ ಬಸ್ಸು ಹತ್ತಿದ,
ಏಣಿಯತ್ತ ಒಮ್ಮೆಯೂ ನೋಡದೆ.